ಎತ್ತರಿಸಿದ ಜೀಪು: ಮುರಿದದ್ದು ಲೋಹವೋ, ಕೋನವೋ?

ಹುಬ್ಬಳ್ಳಿಯ ಕಮರಿಪೇಟೆಯ ಓಣಿಯೊಂದರಲ್ಲಿ, ಮಳೆಗಾಲದ ಒಂದು ಬೆಳಗ್ಗೆ, ಹಳೆಯ ಜೀಪೊಂದು ಜಾಕುಗಳ ಮೇಲೆ ನಿಂತಿತ್ತು. ಅದರ ಯಜಮಾನರು ನವಲಗುಂದದ ಕಡೆ ಹೊಲವುಳ್ಳವರು. ಆ ಸೀಮೆಯ ಎರೆಭೂಮಿಯ ಗುಣ ವಾಚಕರಿಗೆ ಗೊತ್ತಿರುವುದಷ್ಟೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರುಕುಬಿಡುವ ಆ ಮಣ್ಣು ಎರಡು ಮಳೆ ಬಿದ್ದೊಡನೆ ಉಬ್ಬಿ, ಅಂಟಾಗಿ, ಗಾಲಿಗೆ ಮೆತ್ತಿಕೊಂಡು ಬಂಡಿಯನ್ನು ಕದಲಗೊಡುವುದಿಲ್ಲ. ಕೆಸರಿನಲ್ಲಿ ಜೀಪಿನ ಹೊಟ್ಟೆ ನೆಲಕ್ಕೆ ತಗುಲಬಾರದೆಂದು ಯಜಮಾನರು ಹಿಂದಿನ ವರ್ಷ ಅದನ್ನು ನಾಲ್ಕು ಇಂಚು, ಎಂದರೆ ಸುಮಾರು ೧೦ ಸೆಂಟಿಮೀಟರು, ಎತ್ತರಿಸಿದ್ದರು.

ಅಂದಿನಿಂದ ತೊಂದರೆಗಳು ಒಂದರ ಹಿಂದೆ ಒಂದರಂತೆ ತಲೆದೋರಿದವು. ವೇಗ ಏರಿದಂತೆ ಕಾಲಡಿಯ ತಗಡು ನಡುಗತೊಡಗಿತು. ತಿರುವಿನಿಂದ ಹೊರಬಂದ ಮೇಲೆ ಚುಕ್ಕಾಣಿಯು ತಾನಾಗಿ ನೇರಕ್ಕೆ ಮರಳದಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿನ ಗಾಲಿಗಳಿಗೆ ಶಕ್ತಿಯನ್ನು ಒಯ್ಯುವ ದಂಡದ ಕೀಲು ಮೇಲಿಂದ ಮೇಲೆ ಮುರಿಯಿತು. ಜೀಪಿನ ಕೆಳಗೆ ಮಲಗಿದ್ದ ಮಿಸ್ತ್ರಿಯು ಮುರಿದ ತುಂಡನ್ನು ನನ್ನ ಕೈಗಿತ್ತು, “ಇದು ಮೂರನೇ ಕ್ರಾಸ್ ನೋಡ್ರಿ ಮಾಸ್ತರ. ಈಗಿನ ಮಾಲ ಖೊಟ್ಟಿ ಐತ್ರಿ” ಎಂದನು.

ಮಾಲು ಖೊಟ್ಟಿಯಾಗಿರಬಹುದು. ಆದರೆ ಒಂದೇ ಸ್ಥಳದಲ್ಲಿ ಮೂರು ಸಲ ಮುರಿದರೆ ದೋಷವನ್ನು ಲೋಹದಲ್ಲಿ ಹುಡುಕುವ ಮೊದಲು ಆ ಸ್ಥಳದಲ್ಲಿ ಹುಡುಕುವುದು ಶಾಸ್ತ್ರೀಯ ಕ್ರಮ. ಹಾಗೆ ಹುಡುಕುವುದಕ್ಕೆ ಪ್ರೌಢಶಾಲೆಯ ರೇಖಾಗಣಿತವಷ್ಟೇ ಸಾಕೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಿದೆ.

ಜೀಪು ನಮ್ಮಲ್ಲಿಗೆ ಬಂದ ಬಗೆ

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ೧೯೪೧ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಾದ ವಿಲ್ಲೀಸ್ ಜೀಪು, ಯುದ್ಧಾನಂತರ ರೈತರ ಹಾಗೂ ಅರಣ್ಯ ಇಲಾಖೆಗಳ ಬಂಡಿಯಾಯಿತು. ೧೯೪೫ರಲ್ಲಿ ಸ್ಥಾಪಿತವಾಗಿ, ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆದ ಸಂಸ್ಥೆಯು ೧೯೪೦ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ೧೯೫೩ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-೩ಬಿ ಎಂಬ ಮಾದರಿಯು ನಮ್ಮ ದೇಶದಲ್ಲಿ ಬಹುಕಾಲ ತಯಾರಾಯಿತು. ಎತ್ತರವಾದ ಮೂತಿಯ ಆ ಜೀಪನ್ನೂ ಅದರ ಸಂತತಿಯನ್ನೂ ಇಂದಿಗೂ ನಮ್ಮ ಜಿಲ್ಲೆಗಳಲ್ಲಿ ಕಾಣಬಹುದು.

ಈ ಜೀಪಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ ಕೇವಲ ೮೦ ಇಂಚು, ಎಂದರೆ ೨೦೩ ಸೆಂಟಿಮೀಟರು. ಇಷ್ಟು ಗಿಡ್ಡಾಗಿರುವುದರಿಂದಲೇ ಅದು ಇಕ್ಕಟ್ಟಾದ ಜಾಗದಲ್ಲಿ ತಿರುಗಬಲ್ಲದು, ದಿಬ್ಬವನ್ನು ಹೊಟ್ಟೆ ತಗುಲದೆ ದಾಟಬಲ್ಲದು. ಆದರೆ ಈ ಗಿಡ್ಡತನವೇ ಎತ್ತರಿಸಿದಾಗ ಮುಳುವಾಗುತ್ತದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಶಕ್ತಿಯ ದಾರಿ

ಎಂಜಿನ್ನಿನಲ್ಲಿ ಹುಟ್ಟಿದ ತಿರುಗುಬಲವು ಕ್ಲಚ್ಚಿನ ಮೂಲಕ ಗೇರುಪೆಟ್ಟಿಗೆಗೆ ಬರುತ್ತದೆ. ಗೇರುಪೆಟ್ಟಿಗೆಯ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು ಪೆಟ್ಟಿಗೆಯಿದೆ. ಇದಕ್ಕೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಇಲ್ಲಿ ಶಕ್ತಿಯು ಎರಡು ದಾರಿ ಹಿಡಿಯುತ್ತದೆ: ಒಂದು ದಂಡವು ಮುಂದಿನ ಅಚ್ಚಿಗೂ ಮತ್ತೊಂದು ಹಿಂದಿನ ಅಚ್ಚಿಗೂ ಹೋಗುತ್ತದೆ. ಗ್ಯಾರೇಜಿನವರು ಪ್ರೊಪೆಲರ್ ಶಾಫ್ಟ್ ಎನ್ನುವ ಈ ದಂಡವನ್ನು ನಾವು ಚಾಲಕದಂಡವೆಂದು ಕರೆಯೋಣ. ಅಚ್ಚಿನ ನಡುವಿನ ಗುಂಡಾದ ಹೌಸಿಂಗಿನೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸಿ ಗಾಲಿಗಳಿಗೆ ಚಲನೆಯನ್ನು ಕೊಡುತ್ತದೆ.

ಸಿಜೆ-೩ಬಿ ಜೀಪಿನಲ್ಲಿ ಮೊದಲನೆಯ ಗೇರಿನ ಪ್ರಮಾಣ ಸುಮಾರು ೨.೮, ಟ್ರಾನ್ಸ್‌ಫರ್ ಕೇಸಿನ ತಗ್ಗಿನ ಗೇರಿನದು ೨.೪೬, ಕ್ರೌನ್-ಪಿನಿಯನ್ನಿನದು ೫.೩೮. ಮೂರನ್ನೂ ಗುಣಿಸಿದರೆ ೩೭ ಬರುತ್ತದೆ. ಅಂದರೆ ಎಂಜಿನ್ನು ೩೭ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುವುದು. ತಿರುಗುಬಲವು ಘರ್ಷಣೆಯಲ್ಲಿ ನಷ್ಟವಾಗುವುದನ್ನು ಬಿಟ್ಟರೆ ಅಷ್ಟೇ ಪಾಲು ಹೆಚ್ಚುವುದು. ಚಾಲಕದಂಡವು ಮೊದಲಿನ ಎರಡು ಮೆಟ್ಟಲುಗಳ ನಂತರ ಇರುವುದರಿಂದ ಅದರ ಪಾಲಿಗೆ ಎಂಜಿನ್ನಿನ ಬಲದ ಹೆಚ್ಚುಕಡಮೆ ಏಳು ಪಟ್ಟು ಬಲ ಬರುತ್ತದೆ. ಕೆಸರಿನಲ್ಲಿ ಮುಂದಿನ ಗಾಲಿಗಳು ಹಿಡಿತ ತಪ್ಪಿದರೆ ಇದರ ಬಹುಭಾಗವನ್ನು ಹಿಂದಿನ ದಂಡವೊಂದೇ ಹೊರಬೇಕಾಗುವುದು.

ಅಚ್ಚು ಮೇಲೆಕೆಳಗೆ ಆಡುತ್ತಿರುತ್ತದೆ. ಗೇರುಪೆಟ್ಟಿಗೆಯಾದರೋ ಚೌಕಟ್ಟಿಗೆ ಬಿಗಿದಿರುತ್ತದೆ. ಆದುದರಿಂದ ದಂಡದ ಎರಡು ತುದಿಗಳಲ್ಲಿಯೂ ಬಾಗಬಲ್ಲ ಕೀಲುಗಳು ಬೇಕು. ಎರಡು ಕವೆಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡನ್ನು ಇಟ್ಟು ಈ ಕೀಲನ್ನು ಮಾಡುತ್ತಾರೆ. ಮಿಸ್ತ್ರಿಯ ‘ಕ್ರಾಸ್’ ಇದೇ. ಇಟಲಿಯ ಕಾರ್ಡಾನೋ ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳು ಈ ಕೀಲಿಗೆ ಅಂಟಿಕೊಂಡಿವೆ. ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದ ಹುಕ್ ಇವನೇ. ಒಂದೇ ಜೀಪಿನ ಕೆಳಗೆ ಅವನ ಎರಡು ವಿಚಾರಗಳು ಪಕ್ಕಪಕ್ಕದಲ್ಲಿ ಕೆಲಸಮಾಡುತ್ತಿರುವುದು ಸೋಜಿಗವಲ್ಲವೆ?

ಪಾಟಾದ ಲೆಕ್ಕ

ಜೀಪಿನ ಭಾರವನ್ನು ಹೊರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು. ಇದನ್ನು ಗ್ಯಾರೇಜಿನಲ್ಲಿ ಪಾಟಾ ಎನ್ನುವರು. ಕಮಾನಿನ ಒಂದು ತುದಿ ಚೌಕಟ್ಟಿಗೆ ಪಿನ್ನಿನಿಂದ ಸೇರಿರುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ, ಇನ್ನೊಂದು ತುದಿಯನ್ನು ತೂಗಾಡುವ ಕೊಂಡಿಗೆ ಸೇರಿಸುತ್ತಾರೆ. ಈ ಕೊಂಡಿಯ ಹೆಸರು ಶೆಕಲ್.

ಪಾಟಾದ ಬಿಗುವು ಪಟ್ಟಿಗಳ ಸಂಖ್ಯೆಗೆ ಅನುಪಾತವಾಗಿ ಏರುತ್ತದೆ. ಪಟ್ಟಿಯ ದಪ್ಪಕ್ಕಾದರೋ ದಪ್ಪದ ಘನಕ್ಕೆ ಅನುಪಾತವಾಗಿ ಏರುತ್ತದೆ. ಒಂಬತ್ತು ಪಟ್ಟಿಗಳಿದ್ದಲ್ಲಿ ಹನ್ನೊಂದು ಹಾಕಿದರೆ ಬಿಗುವು ಶೇಕಡಾ ೨೨ರಷ್ಟು ಹೆಚ್ಚುವುದು. ಆದರೆ ಅಷ್ಟೇ ಸಂಖ್ಯೆಯ ಪಟ್ಟಿಗಳ ದಪ್ಪವನ್ನು ೬ ಮಿಲಿಮೀಟರಿನಿಂದ ೭ಕ್ಕೆ ಏರಿಸಿದರೆ ಬಿಗುವು ಶೇಕಡಾ ೫೯ರಷ್ಟು ಹೆಚ್ಚುವುದು! “ಎರಡು ಪ್ಲೇಟು ಜಾಸ್ತಿ ಹಾಕಿಸಿದೆ, ಈಗ ಕುಳಿತರೆ ಸೊಂಟ ಮುರಿಯುತ್ತದೆ” ಎಂಬ ದೂರಿಗೆ ಮೂಲ ಇಲ್ಲಿದೆ. ಮೇಲಾಗಿ, ಬಿಗಿಯಾದ ಪಾಟಾ ತಗ್ಗಿನಲ್ಲಿ ಗಾಲಿಯನ್ನು ನೆಲಕ್ಕೆ ಒತ್ತುವುದಿಲ್ಲ. ಗಾಲಿಯೊಂದು ಗಾಳಿಯಲ್ಲಿ ತೇಲಿ, ನಾಲ್ಕು ಗಾಲಿಗಳ ಚಾಲನೆಯ ಉದ್ದೇಶವೇ ಕೆಡುತ್ತದೆ.

ಎತ್ತರಿಸಲು ರೂಢಿಯಲ್ಲಿರುವ ದಾರಿಗಳು ಮೂರು: ಹೆಚ್ಚು ಬಾಗಿದ ಪಾಟಾ ಹಾಕುವುದು, ಶೆಕಲನ್ನು ಉದ್ದಮಾಡುವುದು, ಅಚ್ಚಿನ ಕೆಳಗಿರುವ ಪಾಟಾವನ್ನು ಅಚ್ಚಿನ ಮೇಲಕ್ಕೆ ತರುವುದು. ಮೂರನೆಯದರಿಂದ ಎತ್ತರ ಬಹಳ ಸಿಗುತ್ತದೆ. ಆದರೆ ಅಚ್ಚು ತಿರುಗಲೆತ್ನಿಸಿದಾಗ ಪಾಟಾ ಎಸ್ ಅಕ್ಷರದಂತೆ ಹೊರಳಿ ಪಿನಿಯನ್ನಿನ ಮೂತಿಯನ್ನು ಮೇಲಕ್ಕೆತ್ತುವ ದೋಷ ಹೆಚ್ಚುತ್ತದೆ. ಅದನ್ನು ತಡೆಯಲು ಅಚ್ಚಿನಿಂದ ಚೌಕಟ್ಟಿಗೆ ಬೇರೊಂದು ಸರಳನ್ನು ಕಟ್ಟಬೇಕಾಗುವುದು.

ಇಲ್ಲಿ ಇನ್ನೊಂದು ಮಾತನ್ನು ಮರೆಯಲಾಗದು. ಈ ಮೂರು ದಾರಿಗಳಿಂದಲೂ ಏರುವುದು ಚೌಕಟ್ಟು ಮಾತ್ರ. ಅಚ್ಚಿನ ನಡುವಿನ ಹೌಸಿಂಗು ಗಾಲಿಯ ಕೇಂದ್ರದ ಮಟ್ಟದಲ್ಲಿಯೇ ಇರುತ್ತದೆ. ಕೆಸರಿನಲ್ಲಿ ಮೊದಲು ಸಿಕ್ಕಿಬೀಳುವುದೂ ಅದೇ. ಅದನ್ನು ಏರಿಸಬಲ್ಲುದು ದೊಡ್ಡ ಟಾಯರು ಮಾತ್ರ, ಅದೂ ವ್ಯಾಸ ಹೆಚ್ಚಿದುದರ ಅರ್ಧದಷ್ಟು. ೨೮ ಇಂಚಿನ ಟಾಯರಿಗೆ ಬದಲಾಗಿ ೩೧ ಇಂಚಿನದನ್ನು ಹಾಕಿದರೆ ಹೌಸಿಂಗು ಒಂದೂವರೆ ಇಂಚು ಏರುವುದು. ಆಗ ವೇಗಮಾಪಕವು ೫೦ ಎಂದಾಗ ನಿಜವಾದ ವೇಗ ೫೫ ಆಗಿರುವುದು. ಏರಿನಲ್ಲಿ ಎಂಜಿನ್ನು ಸೋಲುವುದು. ಅಚ್ಚು ಮತ್ತು ಬ್ರೇಕುಗಳ ಮೇಲಿನ ಹೊರೆ ಏರುವುದು.

ಕೀಲು ಮುರಿಯುವುದೇಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಜೀಪಿನಲ್ಲಿ ಹಿಂದಿನ ದಂಡದ ಎರಡು ಕೀಲುಗಳ ನಡುವಣ ಅಡ್ಡ ಅಂತರ ೫೦ ಸೆಂಟಿಮೀಟರು, ಮೊದಲಿಗೆ ಅವುಗಳ ಎತ್ತರದ ವ್ಯತ್ಯಾಸ ೫ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಆಗ ದಂಡದ ಇಳಿಜಾರು ಸುಮಾರು ೬ ಡಿಗ್ರಿ. ಜೀಪನ್ನು ೧೦ ಸೆಂಟಿಮೀಟರು ಎತ್ತರಿಸಿದರೆ ವ್ಯತ್ಯಾಸ ೧೫ ಸೆಂಟಿಮೀಟರಾಗಿ ಇಳಿಜಾರು ೧೭ ಡಿಗ್ರಿಗೆ ಏರುವುದು. ದಂಡ ಒಂದು ಮೀಟರು ಉದ್ದವಿದ್ದ ಬಂಡಿಯಾಗಿದ್ದರೆ ಅಷ್ಟೇ ಎತ್ತರಕ್ಕೆ ಆರು ಡಿಗ್ರಿಗಿಂತ ಕಡಮೆಯೇ ಹೆಚ್ಚುತ್ತಿತ್ತು. ಗಿಡ್ಡತನ ಮುಳುವಾಗುವುದೆಂದು ಮೊದಲೇ ಹೇಳಿದುದು ಇದಕ್ಕೇ.

ಪೈಥಾಗೊರಸನ ಪ್ರಮೇಯವನ್ನು ಬಳಸಿ ನೋಡಿದರೆ ಕೀಲುಗಳ ನಡುವಣ ಓರೆ ಅಂತರವೂ ೫೦.೨ರಿಂದ ೫೨.೨ ಸೆಂಟಿಮೀಟರಿಗೆ ಏರಿರುವುದು ತಿಳಿಯುತ್ತದೆ. ದಂಡದ ನಡುವೆ ಒಂದರೊಳಗೊಂದು ಜಾರುವ ಹಲ್ಲಿನ ಕೊಳವೆ ಇರುವುದರಿಂದ ಅದು ಉದ್ದವಾಗಬಲ್ಲದು. ಆದರೆ ಹಾಗೆ ೨ ಸೆಂಟಿಮೀಟರು ಹೊರಗೆ ಸರಿದ ಮೇಲೆ ಹಲ್ಲುಗಳ ಹಿಡಿತ ಅಷ್ಟು ಕಡಮೆಯಾಯಿತು. ಗಾಲಿ ತಗ್ಗಿಗೆ ಬಿದ್ದಾಗ ದಂಡವು ಇನ್ನಷ್ಟು ಎಳೆದುಕೊಳ್ಳುವುದು.

ಕಾರ್ಡಾನ್ ಕೀಲಿಗೆ ಒಂದು ವಿಚಿತ್ರ ಸ್ವಭಾವವಿದೆ. ಒಂದು ಪಕ್ಕದ ದಂಡವು ಒಂದೇ ವೇಗದಲ್ಲಿ ತಿರುಗುತ್ತಿದ್ದರೂ, ಕೀಲು ಬಾಗಿದ್ದಾಗ ಆಚೆಯ ದಂಡವು ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಅತಿ ಕಡಮೆ ವೇಗವು ಮೂಲ ವೇಗವನ್ನು ಬಾಗಿನ ಕೋನದ ಕೊಸೈನಿನಿಂದ ಗುಣಿಸಿದಷ್ಟು. ಅತಿ ಹೆಚ್ಚಿನದು ಅದರಿಂದಲೇ ಭಾಗಿಸಿದಷ್ಟು. ಕೋನ ೫ ಡಿಗ್ರಿಯಿದ್ದರೆ ಏರಿಳಿತ ಶೇಕಡಾ ಅರ್ಧಕ್ಕೂ ಕಡಮೆ. ೧೦ ಡಿಗ್ರಿಗೆ ಶೇಕಡಾ ಒಂದೂವರೆ. ೨೦ ಡಿಗ್ರಿಗೆ ಶೇಕಡಾ ಆರು. ಕೋನ ಇಮ್ಮಡಿಯಾದರೆ ಕೆಡುಕು ಸುಮಾರು ನಾಲ್ಮಡಿಯಾಗುವುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಬಂಡಿಗಳೆಲ್ಲವೂ ಏಕೆ ನಡುಗುವುದಿಲ್ಲ? ಎರಡನೆಯ ಕೀಲು ಮೊದಲನೆಯದರ ತಪ್ಪನ್ನು ತಿದ್ದುತ್ತದೆ. ಮೊದಲನೆಯ ಕೀಲು ಮುಂದೋಡಿಸಿದಾಗ ಎರಡನೆಯದು ಅಷ್ಟೇ ಹಿಂದಕ್ಕೆಳೆದರೆ ಪಿನಿಯನ್ನು ಸಮವೇಗದಲ್ಲಿಯೇ ತಿರುಗುತ್ತದೆ. ಆದರೆ ಇದಕ್ಕೆ ಎರಡು ನಿಬಂಧನೆಗಳಿವೆ. ಒಂದು, ದಂಡದ ಎರಡು ತುದಿಗಳ ಕವೆಗಳು ಒಂದೇ ಸಮತಲದಲ್ಲಿರಬೇಕು. ಎರಡು, ಎರಡು ಕೀಲುಗಳ ಕೋನಗಳು ಸಮವಾಗಿರಬೇಕು. ನಮ್ಮ ಜೀಪಿನ ರಚನೆಯಲ್ಲಿ ಇದರ ಅರ್ಥ, ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ದಂಡವೂ ಪಿನಿಯನ್ನಿನ ದಂಡವೂ ಪರಸ್ಪರ ಸಮಾಂತರವಾಗಿರಬೇಕು ಎಂದು.

ಕಂಪಾಸು ಪೆಟ್ಟಿಗೆಯ ಚಿಕಿತ್ಸೆ

ಕಮರಿಪೇಟೆಯ ಆ ಜೀಪಿನ ಯಜಮಾನರ ಮಗಳು ಕಾಲೇಜು ವಿದ್ಯಾರ್ಥಿನಿ. ಅವಳ ಕಂಪಾಸು ಪೆಟ್ಟಿಗೆಯ ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟನ್ನು ಇಳಿಬಿಟ್ಟೆವು. ಕೋನಮಾಪಕದ ನೇರ ಅಂಚನ್ನು ದಂಡಕ್ಕೆ ಒತ್ತಿ ಹಿಡಿದರೆ, ದಾರವು ೯೦ರ ಗೆರೆಯಿಂದ ಎಷ್ಟು ಸರಿದಿದೆಯೋ ಅಷ್ಟೇ ದಂಡದ ಇಳಿಜಾರು. ಇಂದಿನ ಮೊಬೈಲಿನಲ್ಲಿಯೂ ಈ ಕೆಲಸ ಮಾಡಬಹುದು. ಆದರೆ ದಾರ ಮತ್ತು ನಟ್ಟು ಕೂಡ ಸುಳ್ಳು ಹೇಳುವುದಿಲ್ಲ.

ಅಳೆಯುವ ಮೊದಲು ಜೀಪನ್ನು ಜಾಕುಗಳಿಂದ ಇಳಿಸಿ ಸಮನೆಲದಲ್ಲಿ ನಿಲ್ಲಿಸಬೇಕಾಯಿತು. ಚೌಕಟ್ಟನ್ನು ಜಾಕಿನಿಂದ ಎತ್ತಿದಾಗ ಅಚ್ಚು ಕೆಳಕ್ಕೆ ಜೋತುಬೀಳುವುದರಿಂದ ಆಗ ಸಿಗುವ ಕೋನಗಳು ಓಡುವಾಗಿನ ಕೋನಗಳಲ್ಲ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಗಾಲಿಗಳಿಗೆ ಮುಂದೆಹಿಂದೆ ಕಲ್ಲುಗಳನ್ನು ಒಡ್ಡದೆ ಯಾರೂ ಜೀಪಿನ ಕೆಳಗೆ ಹೋಗಕೂಡದು, ಬರಿಯ ಜಾಕನ್ನು ನಂಬಿ ಎಂದಿಗೂ ಹೋಗಕೂಡದು.

ಅಳತೆಗಳು ಹೀಗೆ ಬಂದವು. ಟ್ರಾನ್ಸ್‌ಫರ್ ಕೇಸಿನ ದಂಡ ಹಿಂದಕ್ಕೆ ೩ ಡಿಗ್ರಿ ಇಳಿದಿತ್ತು. ಚಾಲಕದಂಡದ ಇಳಿಜಾರು ೧೭ ಡಿಗ್ರಿ. ಪಿನಿಯನ್ನು ಮಾತ್ರ ೩ ಡಿಗ್ರಿಯಲ್ಲಿರದೆ ೧೧ ಡಿಗ್ರಿ ಮೂತಿಯೆತ್ತಿ ನಿಂತಿತ್ತು! ಎತ್ತರಿಸಿದವರು, ದಂಡವು ಕಣ್ಣಿಗೆ ಆದಷ್ಟು ನೇರವಾಗಿ ಕಾಣಲೆಂದು, ಪಾಟಾ ಮತ್ತು ಅಚ್ಚಿನ ನಡುವೆ ಉಕ್ಕಿನ ಬೆಣೆಗಳನ್ನು ಕೂರಿಸಿ ಪಿನಿಯನ್ನನ್ನು ಗೇರುಪೆಟ್ಟಿಗೆಯ ಕಡೆಗೆ ತಿರುಗಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಫಲವೇನಾಯಿತು? ಮುಂದಿನ ಕೀಲಿನ ಕೋನ ೧೭ರಲ್ಲಿ ೩ ಕಳೆದು ೧೪ ಡಿಗ್ರಿ. ಹಿಂದಿನದು ೧೭ರಲ್ಲಿ ೧೧ ಕಳೆದು ೬ ಡಿಗ್ರಿ. ಮೊದಲನೆಯ ಕೀಲಿನ ಏರಿಳಿತ ಶೇಕಡಾ ೩. ಎರಡನೆಯದು ತಿದ್ದಬಲ್ಲುದು ಶೇಕಡಾ ಅರ್ಧದಷ್ಟು ಮಾತ್ರ. ಉಳಿದ ಎರಡೂವರೆ ಶೇಕಡಾ ಏರಿಳಿತವು ಒಂದೊಂದು ಸುತ್ತಿನಲ್ಲಿಯೂ ಎರಡೆರಡು ಸಲ ಪಿನಿಯನ್ನನ್ನು ಗುದ್ದುತ್ತಿತ್ತು. ಏಳು ಪಟ್ಟು ಬಲದ ಮೇಲೆ ಈ ಗುದ್ದು! ಮುರಿದ ಮೂರು ಕ್ರಾಸುಗಳೂ ಮುಂದಿನ ಕೀಲಿನವೇ ಎಂದು ಮಿಸ್ತ್ರಿ ಆಗ ನೆನಪಿಸಿಕೊಂಡನು.

ಬೆಣೆಗಳನ್ನು ತೆಗೆದರೆ ಎರಡು ಕೋನಗಳೂ ೧೪ ಆಗಿ ಪಿನಿಯನ್ನಿನ ಗುದ್ದು ನಿಲ್ಲುತ್ತದೆ. ಆದರೆ ನಡುವಿನ ದಂಡವು ಇನ್ನೂ ಶೇಕಡಾ ೩ರ ಏರಿಳಿತದಿಂದಲೇ ತಿರುಗುತ್ತಿರುವುದು. ಕೀಲಿನ ಸೂಜಿ ಬೇರಿಂಗುಗಳು ದೊಡ್ಡ ಕೋನದಲ್ಲಿ ಬೇಗ ಸವೆಯುವುವು. ಎತ್ತರವನ್ನು ಉಳಿಸಿಕೊಳ್ಳಲೇಬೇಕೆನ್ನುವವರಿಗೆ ಎರಡು ಉಪಾಯಗಳುಂಟು. ಟ್ರಾನ್ಸ್‌ಫರ್ ಕೇಸನ್ನು ಹೊತ್ತ ಅಡ್ಡಪಟ್ಟಿಯನ್ನು ಸ್ವಲ್ಪ ಕೆಳಗಿಳಿಸುವುದು ಒಂದು. ಇದರಿಂದ ಗಳಿಸಿದ ಎತ್ತರದಲ್ಲಿ ಸ್ವಲ್ಪವನ್ನು ಹಿಂದಿರುಗಿಸಿದಂತಾಗುವುದು. ಮೇಲಿನ ತುದಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಕ್ರಾಸುಗಳ ಜೋಡಿಕೀಲನ್ನು ಹಾಕುವುದು ಇನ್ನೊಂದು. ಜೋಡಿಕೀಲು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದರಿಂದ, ಆಗ ಮಾತ್ರ ಪಿನಿಯನ್ನು ದಂಡದ ಕಡೆಗೆ ನೇರವಾಗಿ ಮುಖಮಾಡಿರಬೇಕು. ಬೆಣೆ ಹಾಕಿದವರು ಜೋಡಿಕೀಲಿನ ಮದ್ದನ್ನು ಒಂಟಿಕೀಲಿನ ರೋಗಿಗೆ ಕೊಟ್ಟಿದ್ದರು.

ನಡುಕದ ನಾಡಿ

ನಡುಕವೆಲ್ಲವೂ ಕೀಲಿನಿಂದಲೇ ಬರುವುದೆಂದು ತಿಳಿಯಬಾರದು. ಮೂಲ ಅಳತೆಯ ಟಾಯರುಳ್ಳ ಜೀಪು ಗಂಟೆಗೆ ೬೦ ಕಿಲೋಮೀಟರಿನಂತೆ ಓಡುವಾಗ ಗಾಲಿಯು ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು, ಚಾಲಕದಂಡವು ೪೦ ಸುತ್ತು ತಿರುಗುತ್ತವೆ. ಆದುದರಿಂದ ಕೈಗೆ ಎಣಿಸಿದಂತೆ ತಟ್ಟುವ ನಿಧಾನದ ಅದುರು ಗಾಲಿಯದು: ಟಾಯರು ಉಬ್ಬಿದೆ ಅಥವಾ ತೂಕ ಸಮವಿಲ್ಲ. ಸೆಕೆಂಡಿಗೆ ೪೦ರ ಗುಡುಗು ದಂಡದ್ದು: ಅದು ಸೊಟ್ಟಗಾಗಿದೆ ಅಥವಾ ಕೆಸರು ಮೆತ್ತಿ ತೂಕ ತಪ್ಪಿದೆ. ಸೆಕೆಂಡಿಗೆ ೮೦ರ ಗುಂಯ್‌ಗುಡುವ ದನಿ ಕೀಲುಗಳ ಕೋನದ್ದು, ಅಥವಾ ಕವೆಗಳ ಸಮತಲ ತಪ್ಪಿದ್ದು. ಕೊನೆಯದಕ್ಕೆ ಖರ್ಚೇ ಇಲ್ಲ. ಬಿಚ್ಚಿದ ದಂಡವನ್ನು ಮತ್ತೆ ಸೇರಿಸುವಾಗ ಎರಡು ತುಂಡುಗಳ ಮೇಲಿನ ಬಾಣದ ಗುರುತುಗಳನ್ನು ಎದುರುಬದುರು ಇಟ್ಟರಾಯಿತು. ಗುರುತು ಅಳಿಸಿದ್ದರೆ ಬಿಚ್ಚುವ ಮೊದಲೇ ಸುಣ್ಣದಿಂದಲಾದರೂ ಒಂದು ಗೆರೆ ಎಳೆದುಕೊಳ್ಳಬೇಕು.

ಚುಕ್ಕಾಣಿ ಏಕೆ ಮರಳದು?

ಸೈಕಲ್ಲಿನ ಮುಂದಿನ ಕವೆಯನ್ನು ನೋಡಿ. ಅದು ಹಿಂದಕ್ಕೆ ವಾಲಿರುವುದರಿಂದ, ತಿರುಗುವ ಅಕ್ಷವು ಗಾಲಿಯು ನೆಲವನ್ನು ಮುಟ್ಟುವ ಬಿಂದುವಿಗಿಂತ ಮುಂದೆ ನೆಲವನ್ನು ಸೇರುತ್ತದೆ. ಆಗ ಗಾಲಿಯು ಎಳೆದ ದಿಕ್ಕಿಗೆ ತಾನಾಗಿ ಹಿಂಬಾಲಿಸುತ್ತದೆ. ಜೀಪಿನ ಮುಂದಿನ ಗಾಲಿಗಳ ಕಿಂಗ್‌ಪಿನ್ನೂ ಹೀಗೆಯೇ ಸುಮಾರು ೩ ಡಿಗ್ರಿ ಹಿಂದಕ್ಕೆ ವಾಲಿರಬೇಕು. ಈ ವಾಲಿಗೆ ಕ್ಯಾಸ್ಟರ್ ಎಂದು ಹೆಸರು.

ಈ ಹಳೆಯ ಜೀಪಿನಲ್ಲಿ ಮುಂದಿನ ಪಾಟಾದ ಶೆಕಲ್ ಇರುವುದು ಪಾಟಾದ ಮುಂತುದಿಯಲ್ಲಿ. ಎತ್ತರಿಸಿದವರು ಅದನ್ನು ೫ ಸೆಂಟಿಮೀಟರು ಉದ್ದಮಾಡಿದ್ದರು. ಅಚ್ಚು ಪಾಟಾದ ನಡುವೆ ಇರುವುದರಿಂದ ಚೌಕಟ್ಟು ಏರಿದುದು ಅದರಲ್ಲಿ ಅರ್ಧ, ಎಂದರೆ ಎರಡೂವರೆ ಸೆಂಟಿಮೀಟರು ಮಾತ್ರ. ಆದರೆ ೯೦ ಸೆಂಟಿಮೀಟರು ಉದ್ದದ ಪಾಟಾದ ಒಂದು ತುದಿ ೫ ಸೆಂಟಿಮೀಟರು ಇಳಿದರೆ ಪಾಟಾವೂ ಅದಕ್ಕೆ ಬಿಗಿದ ಅಚ್ಚೂ ೩ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿಯೇ ಮುಂದಕ್ಕೆ ಹೊರಳುವುವು. ಇದ್ದ ಕ್ಯಾಸ್ಟರು ೩ ಡಿಗ್ರಿ. ಕಳೆದುದೂ ೩ ಡಿಗ್ರಿ. ಚುಕ್ಕಾಣಿ ಮರಳದಿದ್ದರೆ ಆಶ್ಚರ್ಯವೇನು?

ಬೆಣೆ ಹಾಕಿ ಕ್ಯಾಸ್ಟರನ್ನು ಮರಳಿ ತರಬಹುದು. ಆದರೆ ಅದರಿಂದ ಮುಂದಿನ ಪಿನಿಯನ್ನಿನ ಕೋನವೂ ಬದಲಾಗುವುದು. ಚುಕ್ಕಾಣಿಯಿಂದ ಗಾಲಿಗೆ ಹೋಗುವ ಸರಳು ಕೂಡ ಎತ್ತರಿಸಿದಾಗ ಕಡಿದಾಗಿ ನಿಲ್ಲುವುದರಿಂದ, ಗಾಲಿ ಕುಣಿದಾಗಲೆಲ್ಲ ಚುಕ್ಕಾಣಿ ಕೈಯಲ್ಲಿ ಎಳೆದಾಡುವುದು. ಕಿಂಗ್‌ಪಿನ್ ಬೇರಿಂಗು, ಸರಳಿನ ತುದಿಗಳು, ಪಾಟಾದ ಬುಶ್ಶುಗಳು ಸವೆದಿದ್ದರೆ ಈ ಎಳೆದಾಟವು ಮುಂದಿನ ಗಾಲಿಗಳ ಭಯಂಕರ ನಡುಕಕ್ಕೆ ತಿರುಗುವುದುಂಟು. ಆದುದರಿಂದ ಕೋನವನ್ನು ತಿದ್ದುವ ಮೊದಲು ಸಡಿಲವನ್ನು ತೆಗೆಯಬೇಕು.

ನಾಲ್ಕು ಗಾಲಿಗಳ ಜಗಳ

ಕೆಲವರು ಡಾಂಬರು ರಸ್ತೆಯಲ್ಲಿಯೂ ನಾಲ್ಕು ಗಾಲಿಗಳ ಚಾಲನೆಯನ್ನು ಹಾಕಿಯೇ ಓಡಿಸುವರು. ಜೀಪು ತಿರುಗುವಾಗ ಹಿಂದಿನ ಅಚ್ಚಿನ ನಡುಬಿಂದು ೫ ಮೀಟರು ತ್ರಿಜ್ಯದ ವೃತ್ತದಲ್ಲಿ ಸಾಗಿದರೆ, ಮುಂದಿನದು ೫.೪ ಮೀಟರು ತ್ರಿಜ್ಯದಲ್ಲಿ ಸಾಗುತ್ತದೆ. ಕಾಲು ಸುತ್ತಿಗೆ ೬೩ ಸೆಂಟಿಮೀಟರು ವ್ಯತ್ಯಾಸ! ಟ್ರಾನ್ಸ್‌ಫರ್ ಕೇಸು ಎರಡು ದಂಡಗಳನ್ನೂ ಒಂದಕ್ಕೊಂದು ಬಿಗಿದಿರುವುದರಿಂದ ಈ ವ್ಯತ್ಯಾಸಕ್ಕೆ ದಾರಿಯಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ಲೆಕ್ಕ ತೀರುವುದು. ಗಟ್ಟಿ ನೆಲದಲ್ಲಿ ಜಾರಲಾರದೆ ದಂಡಗಳೇ ಹಗ್ಗದಂತೆ ತಿರುಚಿಕೊಳ್ಳುವುವು. ಮುಂದೆ ಹೊಸ ಟಾಯರು, ಹಿಂದೆ ಸವೆದ ಟಾಯರು ಹಾಕಿದರೂ ಇದೇ ಗತಿ. ಗೇರಿನ ಕೈ ಸಿಕ್ಕಿಕೊಂಡು ಬಾರದಿದ್ದರೆ ಬಲವಾಗಿ ಎಳೆಯದೆ, ಜೀಪನ್ನು ಕೆಲವು ಅಡಿ ಹಿಂದಕ್ಕೆ ಓಡಿಸಿದರೆ ತಿರುಚು ಬಿಚ್ಚಿ ಕೈ ಸುಲಭವಾಗಿ ಬರುವುದು.

ಪ್ರಾಣದ ಮಾತು

ಇಷ್ಟು ಲೆಕ್ಕ ಏಕೆ, ಮುರಿದರೆ ಮತ್ತೊಂದು ಕ್ರಾಸ್ ಹಾಕಿಸಿದರಾಯಿತಲ್ಲ ಎನ್ನಬಹುದು. ಆ ಯಜಮಾನರು ವರ್ಷಕ್ಕೆ ಎರಡು ಮೂರು ಸಲ ಯಲ್ಲಾಪುರದ ಮೇಲೆ 

ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಹೋಗುವವರು. ಈ ಹಳೆಯ ಜೀಪಿನಲ್ಲಿ ಕೈಬ್ರೇಕು ಗಾಲಿಗಳ ಮೇಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ದಂಡದ ಮೇಲಿದೆ. ಎರಡು ಗಾಲಿಗಳ ಚಾಲನೆಯಲ್ಲಿ ಇಳಿಯುತ್ತಿರುವಾಗ ಹಿಂದಿನ ಕೀಲು ಮುರಿದರೆ ಎಂಜಿನ್ನಿನ ತಡೆ ತಪ್ಪಿತು, ಕೈಬ್ರೇಕೂ ತಪ್ಪಿತು. ಉಳಿದುದು ಕಾಲ್ಬ್ರೇಕು ಮಾತ್ರ. ಅದಕ್ಕೆ ಒತ್ತಡವನ್ನು ಒಯ್ಯುವ ರಬ್ಬರು ಕೊಳವೆಗಳೋ, ಮೂಲ ಎತ್ತರಕ್ಕೆಂದು ಕತ್ತರಿಸಿದವು. ಎತ್ತರಿಸಿದ ಜೀಪಿನ ಗಾಲಿ ತಗ್ಗಿಗೆ ಬಿದ್ದಾಗ ಅವು ತಂತಿಯಂತೆ ಬಿಗಿಯುವುವು. ನಮ್ಮ ಜೀಪಿನಲ್ಲಿ ಹಿಂದಿನ ಕೊಳವೆಯ ಮೇಲೆ ಆಗಲೇ ಬಿರುಕುಗಳು ಕಂಡವು. ಅದನ್ನು ತೋರಿಸಿದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ.

ಗುರುತ್ವಕೇಂದ್ರದ ವಿಷಯವೂ ಇದೆ. ಎರಡು ಪಕ್ಕದ ಗಾಲಿಗಳ ಅಂತರ ೧೨೩ ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ ೬೫ ಸೆಂಟಿಮೀಟರು ಎಂದಿಟ್ಟುಕೊಂಡರೆ, ಜೀಪು ಸುಮಾರು ೪೩ ಡಿಗ್ರಿ ವಾಲುವವರೆಗೆ ಉರುಳದು. ಎತ್ತರ ೭೫ ಆದರೆ ೩೯ಕ್ಕೇ ಉರುಳುವುದು. ಇದು ನಿಂತ ಜೀಪಿನ ಲೆಕ್ಕ. ತಿರುವಿನಲ್ಲಿ ಓಡುವಾಗ ಪಾಟಾ ಬಾಗಿ ಮೈ ವಾಲುವುದರಿಂದ ಅಪಾಯ ಇದಕ್ಕೂ ಮೊದಲೇ ಒದಗುವುದು.

ಕಾನೂನು ಸುಮ್ಮನಿಲ್ಲದಿರುವುದು ಇದರಿಂದಲೇ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಕೊನೆಗೆ ಆದುದು

ಯಜಮಾನರು ಮೂಲ ಅಳತೆಯ ಪಾಟಾ ಮತ್ತು ಶೆಕಲ್ಲುಗಳನ್ನೇ ಮತ್ತೆ ಹಾಕಿಸಲು ಒಪ್ಪಿದರು. ಬೆಣೆಗಳು ಹೊರಬಂದವು, ಬುಶ್ಶುಗಳೂ ಬ್ರೇಕಿನ ಕೊಳವೆಗಳೂ ಹೊಸವಾದವು, ದಂಡದ ಬಾಣಗಳು ಎದುರುಬದುರಾದವು. ಯಜಮಾನರ ಮಗಳು ಮತ್ತೆ ದಾರವನ್ನು ಇಳಿಬಿಟ್ಟಳು: ಚಾಲಕದಂಡ ೬, ಎರಡು ಪಕ್ಕದ ದಂಡಗಳೂ ೩. ಕೀಲುಗಳ ಕೋನ ಮುಂದೆ ೩, ಹಿಂದೆ ೩. ಕೆಸರಿಗೆಂದು ಆಳವಾದ ಹಲ್ಲುಗಳುಳ್ಳ, ಮೂಲ ಅಳತೆಯದೇ ಟಾಯರುಗಳನ್ನು ಹಾಕಿದರು. ಮಿಸ್ತ್ರಿಯು ನಾಲ್ಕನೆಯ ಕ್ರಾಸನ್ನು ಅದೇ ಅಂಗಡಿಯಿಂದ ತಂದು ಕೂರಿಸಿದನು. ಆ ಮಾಲು ಇನ್ನೂ ಮುರಿದಿಲ್ಲ. ಕೋನಮಾಪಕವನ್ನು ಮಾತ್ರ ಅವನು ಹಿಂದಿರುಗಿಸಲಿಲ್ಲ. ಅದು ಈಗ ಗ್ಯಾರೇಜಿನ ಗೋಡೆಯ ಮೊಳೆಗೆ ದಾರಸಮೇತ ತೂಗುತ್ತಿದೆ.

ಯಂತ್ರದಲ್ಲಿ ಒಂದು ಅಳತೆ ಇನ್ನೊಂದಕ್ಕೆ ಕಟ್ಟುಬಿದ್ದಿರುತ್ತದೆ. ಎತ್ತರವೊಂದನ್ನೇ ಬದಲಿಸಿದೆವೆಂದು ನಾವು ತಿಳಿದರೂ ದಂಡದ ಇಳಿಜಾರು, ಪಿನಿಯನ್ನಿನ ಮುಖ, ಗಾಲಿಯ ವಾಲು, ಕೊಳವೆಯ ಬಿಗಿತ ಎಲ್ಲವೂ ಅದರೊಡನೆ ಬದಲಾಗಿರುತ್ತವೆ. ಮುರಿದ ಭಾಗವನ್ನು ಬದಲಿಸುವುದು ದುರಸ್ತಿಯ ಅರ್ಧ. ಅದು ಏಕೆ ಮುರಿಯಿತೆಂದು ಅಳೆದು ನೋಡುವುದು ಉಳಿದರ್ಧ.

ವಿದ್ಯಾರ್ಥಿಗಳಿಗೆ: ೧. ಈ ಲೇಖನದ ಜೀಪನ್ನು ೧೦ರ ಬದಲು ೫ ಸೆಂಟಿಮೀಟರು ಮಾತ್ರ ಎತ್ತರಿಸಿದ್ದರೆ ಚಾಲಕದಂಡದ ಇಳಿಜಾರು ಎಷ್ಟಾಗುತ್ತಿತ್ತು? ಬೆಣೆಗಳಿಲ್ಲದಿದ್ದರೆ ಕೀಲುಗಳ ಕೋನವೆಷ್ಟು? ೨. ಎಂಟು ಪಟ್ಟಿಗಳ ಪಾಟಾಕ್ಕೆ ಅದೇ ದಪ್ಪದ ಇನ್ನೆರಡು ಪಟ್ಟಿಗಳನ್ನು ಸೇರಿಸಿದರೆ ಬಿಗುವು ಶೇಕಡಾ ಎಷ್ಟು ಹೆಚ್ಚುವುದು? ೩. ನಿಮ್ಮ ಸೈಕಲ್ಲಿನ ಮುಂದಿನ ಕವೆಯ ವಾಲನ್ನು ದಾರ ಮತ್ತು ಕೋನಮಾಪಕದಿಂದ ಅಳೆದು ನೋಡಿರಿ.